ತಗಡಿನವನ ಆಮೆನ್

ಗಡಿಯಾರ ರಿಪೇರಿ ಮಾಡುವವನಿಗೆ ಕಣ್ಣಿಗಿಂತ ಕಿವಿ ಮುಖ್ಯ. ನಮ್ಮ ಗಡಿಯಾರದವನ ಕಿವಿಗೆ ಕುತ್ತು ಬಂದದ್ದು ಪಕ್ಕದ ಮಳಿಗೆಗೆ ತಗಡಿನವನು ಬಂದ ದಿನದಿಂದ. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಅತ್ತ ಬಕೆಟ್ಟಿನ ಮೇಲೆ ಸುತ್ತಿಗೆ ಬಿದ್ದರೆ ಇತ್ತ ಮೇಜಿನ ಮೇಲಿನ ಸ್ಪ್ರಿಂಗು ಕುಣಿಯುತ್ತಿತ್ತು. ಯಾವ ಗಡಿಯಾರ ಸರಿಯಾಗಿ ಟಿಕ್ಕೆನ್ನುತ್ತಿದೆ, ಯಾವುದು ಕುಂಟುತ್ತಿದೆ ಎಂದು ತಿಳಿಯದೆ, ರಿಪೇರಿಯಾಗಿ ಹೋದವೆಲ್ಲ ವಾಪಸ್ಸು ಬರತೊಡಗಿದವು. ಅಂಗಡಿಗೆ ಬೀಗ ಜಡಿಯುವುದೊಂದೇ ಬಾಕಿ. ಎದುರು ನಿಂತು ಹೇಳೋಣವೆಂದರೆ ತಗಡಿನವನ ತೋಳು ಇವನ ತೊಡೆಯಷ್ಟಿತ್ತು.

ಒಂದು ದಿನ ಬೆಳಿಗ್ಗೆ ಪಾದ್ರಿಯವರ ಹತ್ತಿರ ಗೋಳು ತೋಡಿಕೊಂಡ.

"ಬೈಬಲ್ಲಿನ ಕೀರ್ತನೆ ಓದು," ಎಂದರು ಅವರು. "ಅವನ್ನ ಬರೆದ ಹೀಬ್ರೂ ಜನ ದೇವರ ಮುಂದೆ ನಯನಾಜೂಕು ಮಾಡ್ತಿರ್ಲಿಲ್ಲ. ಅಳು ಬಂದ್ರೆ ಅತ್ತರು. ವೈರಿ ಹಲ್ಲು ಮುರೀಬೇಕು ಅನ್ನಿಸಿದ್ರೆ ಅದನ್ನೂ ಬಾಯಿಬಿಟ್ಟು ಹೇಳಿದ್ರು. ಆದ್ರೆ ಹೇಳಿದ್ದು ದೇವರಿಗೆ. ಸೇಡು ಅವನ ಕೈಗೆ ಕೊಟ್ಟು ತಾವು ಸುಮ್ಮನಾದ್ರು. ನೀನೂ ಗಟ್ಟಿಯಾಗಿ ಹೇಳ್ಬಿಡು, ಒಳಗೆ ಇಟ್ಕೋಬೇಡ."

ಅಂಗಡಿಗೆ ಬಂದು ಪುಸ್ತಕ ಬಿಡಿಸಿದ. ಸುತ್ತಿಗೆಯ ಆರ್ಭಟದಲ್ಲಿ ತನ್ನ ದನಿ ತನಗೇ ಕೇಳಿಸಲಿಲ್ಲ. ದನಿ ಏರಿಸಿದ. ಹಾಸಿಗೆ ಕಣ್ಣೀರಲ್ಲಿ ತೇಲುವುದನ್ನು, ಮೂಳೆಗಳು ನಡುಗುವುದನ್ನು ಓದುತ್ತ ಓದುತ್ತ ನಿಜಕ್ಕೂ ದುಃಖ ಉಕ್ಕಿ ಬಂತು. ಕೊನೆಗೆ ಕುತ್ತಿಗೆಯ ನರ ಉಬ್ಬಿಸಿ, "ದೇವರೇ, ಆ ವೈರಿಯ ಹಲ್ಲು ಮುರಿದು ಕೈಗೆ ಕೊಡು, ಬಸವನ ಹುಳದ ಹಾಗೆ ಕರಗಿಸಿಬಿಡು" ಎಂದು ಕಿರುಚಿದ. ಸರಿಯಾಗಿ ಅದೇ ಗಳಿಗೆಯಲ್ಲಿ ತಗಡಿನವನು ಬೆವರೊರೆಸಿಕೊಳ್ಳಲು ಸುತ್ತಿಗೆ ಕೆಳಗಿಟ್ಟಿದ್ದ.

ಇಡೀ ಓಣಿ ದಂಗಾಯಿತು. ಎದುರಿನ ದರ್ಜಿ ಕತ್ತರಿ ಹಿಡಿದೇ ಹೊರಗೆ ಬಂದ. ನೊಣ ಓಡಿಸಲೂ ಸಂಕೋಚಪಡುವ ಮನುಷ್ಯ ಹಲ್ಲು ಮುರಿಯುವ ಮಾತಾಡಿದ್ದು ಕೇಳಿ ಅವನ ತೆರೆದ ಬಾಯಿ ಮುಚ್ಚಲಿಲ್ಲ. ಅಷ್ಟರಲ್ಲಿ ತಗಡಿನವನು ಸುತ್ತಿಗೆ ಸಮೇತ ಒಳಗೆ ನುಗ್ಗಿದ. ಗಡಿಯಾರದವನು ಪುಸ್ತಕವನ್ನು ಎದೆಗೆ ಅಡ್ಡ ಹಿಡಿದ.

ತಗಡಿನವನ ಕಣ್ಣಲ್ಲಿ ನೀರಿತ್ತು.

"ಅಣ್ಣ, ಇಷ್ಟೊಂದು ಸಂಕಟ ಒಳಗಿಟ್ಕೊಂಡಿದ್ದೀಯಾ. ಯಾರವನು? ಹೆಸರು ಹೇಳು. ಹಲ್ಲು ಮುರಿಯೋಕೆ ದೇವರಿಗ್ಯಾಕೆ ತೊಂದ್ರೆ, ನಾನಿಲ್ವಾ?"

"ಬಿಡಪ್ಪ... ಹತ್ತಿರದವನೇ," ಎಂದು ಗಡಿಯಾರದವನು ತಡವರಿಸಿದ.

"ಏನ್ ಮಾಡ್ತಾನೆ?"

"ಸದ್ದು. ಬೆಳಿಗ್ಗೆಯಿಂದ ಸಂಜೆವರೆಗೂ ಸದ್ದು."

ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ತಗಡಿನವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಓಣಿಯ ಉದ್ದಕ್ಕೂ ಕಣ್ಣಾಡಿಸಿದ. ಆಮೇಲೆ ನಿಧಾನವಾಗಿ ದರ್ಜಿಯ ಕಡೆ ತಿರುಗಿದ.

"ನಿನ್ನ ಮಿಷಿನ್ನಾ?"

"ನನ್ನ ಮಿಷಿನ್ನಿಂದೂ ಒಂದು ಸದ್ದೇನಯ್ಯ? ಇಲ್ಲಿ ಸದ್ದು ಮಾಡೋದು ಯಾರು ಅಂದ್ರೆ..." ದರ್ಜಿಯ ಕಣ್ಣು ಸುತ್ತಿಗೆಯ ಮೇಲೆ ಬಿತ್ತು. ಉಳಿದದ್ದನ್ನು ನುಂಗಿಕೊಂಡ. "ಇವತ್ತೇ ಎಣ್ಣೆ ಹಾಕ್ತೀನಿ."

"ಅವನಲ್ಲಪ್ಪ, ಅವನಲ್ಲ," ಎಂದ ಗಡಿಯಾರದವನು, ನಾಚಿಕೆಯಿಂದ ಸತ್ತುಹೋಗಿ.

"ನೋಡಿ, ಹೆಸರು ಹೇಳೋಕೂ ಹೆದರ್ತಾನೆ ಪಾಪ," ಎಂದ ತಗಡಿನವನು. "ಅಂದ್ರೆ ಆಸಾಮಿ ಭಾರೀ ಇರ್ಬೇಕು. ಇವನನ್ನ ಒಬ್ಬನ್ನೇ ಬಿಡಬಾರದು."

ಮಧ್ಯಾಹ್ನ ಮನೆಗೆ ಹೋಗಿ ಊಟ ಮುಗಿಸಿ ಬಂದ ಗಡಿಯಾರದವನು ಅಂಗಡಿ ಬಾಗಿಲಲ್ಲೇ ಕಲ್ಲಾಗಿ ನಿಂತ. ನಡುವಿನ ಗೋಡೆ ಇರಲಿಲ್ಲ. ಹಲಗೆಗಳನ್ನೆಲ್ಲ ಕಿತ್ತು ಮೂಲೆಗೆ ಒರಗಿಸಿ, ತಗಡಿನವನು ತನ್ನ ಕಬ್ಬಿಣದ ದಿಮ್ಮಿಯನ್ನು ಗಡಿಯಾರದ ಮೇಜಿಗೆ ಒತ್ತಿಯೇ ಇಟ್ಟಿದ್ದ.

"ಮಳಿಗೆ ಮಾಲೀಕರಿಗೂ ಹೇಳಿದ್ದೀನಿ, ಒಳ್ಳೇ ಕೆಲಸ ಅಂದ್ರು. ಇನ್ಮೇಲೆ ಆ ವೈರಿ ನಿನ್ನ ಹತ್ರ ಬರ್ಬೇಕಾದ್ರೆ ನನ್ನ ದಾಟ್ಕೊಂಡು ಬರ್ಬೇಕು. ಅವನು ಸಿಗೋವರೆಗೂ ನಾನಿಲ್ಲಿಂದ ಕದಲಲ್ಲ."

ಗಡಿಯಾರದವನು ಕುರ್ಚಿಯಲ್ಲಿ ಕುಸಿದ. ತಗಡಿನವನು ಬಕೆಟ್ಟೊಂದನ್ನು ದಿಮ್ಮಿಗೇರಿಸಿ, ಸುತ್ತಿಗೆ ಎತ್ತಿ, ಅಕ್ಕರೆಯಿಂದ ನೋಡಿದ.

"ಓದಣ್ಣ, ಆ ಹಲ್ಲಿನದು. ನಾನೂ ಆಮೆನ್ ಅಂತೀನಿ."