ಕೊಡಲಿ ಸುಧಾರಣೆಯ ಪ್ರಕರಣ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಸನ್ನೆ, ರಾಟೆ, ಬೆಣೆ ಎಂಬ ಸರಳ ಯಂತ್ರಗಳ ಪಾಠವನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಇಡೀ ಚಿಕ್ಕೋಡಿ ತಾಲೂಕಿನಲ್ಲಿ ಯಾರೂ ಇರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಅಭಿಪ್ರಾಯ ಮತ್ತೊಬ್ಬರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ, ಅದು ಬೇರೆ ಮಾತು. ಅಂಥವನಿಗೆ ಒಂದು ಕೊಡಲಿಯನ್ನು ಸುಧಾರಿಸುವುದು ಯಾವ ಮಹಾ ಕೆಲಸ ಎಂದುಕೊಂಡೆ.

ಏಕಸಂಬಿಯ ನಮ್ಮ ಮನೆಯಲ್ಲಿ ಈಗ ನಾನೊಬ್ಬನೇ. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಮಗಳು ನಿಪ್ಪಾಣಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಕಳೆದ ವರ್ಷ ಬಂದಾಗ ಬಚ್ಚಲಿಗೆ ಒಂದು ಗೀಜರ್ ಕೂಡಿಸಿ ಹೋದಳು. ನಾನು ಅದರ ಗುಂಡಿ ಒತ್ತಲಿಲ್ಲ. "ಅದು ಬಂದವರಿಗೆ ಇರಲಿ, ನನಗೆ ಬಂಬದ ನೀರೇ ಬೇಕು" ಎಂದು ಸಾರಿಬಿಟ್ಟೆ. ಬಂಬ ಎಂದರೆ ತಾಮ್ರದ್ದು, ನಡುವೆ ಉರಿ, ಸುತ್ತ ನೀರು. ಅದಕ್ಕೆ ಕಟ್ಟಿಗೆ ಬೇಕು. ಕಟ್ಟಿಗೆ ಬೇಕೆಂದರೆ ಸತ್ಯಪ್ಪ ಬರಬೇಕು. ಅಸಲು ಕಾರಣ ಅದೇ.

ಸತ್ಯಪ್ಪ ನನ್ನ ಓರಗೆಯವನು, ಊರವರ ಹೊಲಗಳಲ್ಲಿ ಎತ್ತು ಹೊಡೆಯುವ ಆಳು. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ. ಎತ್ತಿಗೆ ರಜೆ ಸಿಕ್ಕಿತೆಂದು ಸತ್ಯಪ್ಪ ಕೊಡಲಿ ಹಿಡಿದು ನಮ್ಮ ಹಿತ್ತಲಿಗೆ ಬರುತ್ತಿದ್ದ. ನಾನು ತರಿಸಿದ್ದ ಜಾಲಿಯ ತುಂಡುಗಳಿಗೆ ಮೈತುಂಬ ಗಂಟು. ಎರಡು ಪೆಟ್ಟು ಹಾಕಿದರೆ ಕೊಡಲಿ ಗಂಟಿನಲ್ಲಿ ಸಿಕ್ಕಿಕೊಳ್ಳುವುದು, ಅದನ್ನು ಕಿತ್ತು ತೆಗೆಯುವಷ್ಟರಲ್ಲಿ ಅವನಿಗೆ ದಣಿವು, ಆಮೇಲೆ ತಂಬಾಕು, ಆಮೇಲೆ ಚಹಾ, ಆಮೇಲೆ ಯಾವ ಎತ್ತು ಯಾರನ್ನು ಹಾಯ್ದಿತೆಂಬ ವರದಿ. ಸಂಜೆಗೆ ಒಂದು ಹೊರೆ ಕಟ್ಟಿಗೆಯಾದರೆ ಹೆಚ್ಚು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದೆ.

ಒಂದು ಸೋಮವಾರ ಅವನು ಭುಜ ತಿಕ್ಕಿಕೊಳ್ಳುತ್ತ ಕೂತ.

"ಭುಜಾ ಬಾಳ ನೋಯಾಕತ್ತೈತ್ರಿ ಮಾಸ್ತರ್ರ. ಇನ್ನ ಈ ದಗದಕ್ಕ ಬರೂದ ಆಗೂದಿಲ್ಲೋ ಏನೋ."

ಇವನೂ ಬರದಿದ್ದರೆ ನಾನು ವಾರವಿಡೀ ಮಾತಾಡುವುದು ಯಾರೊಂದಿಗೆ? ಹಾಲಿನವನು ಹಾಲು ಸುರಿದು ಮಾತಿಲ್ಲದೆ ಹೋಗುತ್ತಾನೆ. ಮಗಳು ಫೋನಿನಲ್ಲಿ "ಊಟಾ ಆತೇನ ಅಪ್ಪಾ?" ಎಂದು ಕೇಳುತ್ತಾಳೆ, "ಆತವ್ವಾ" ಎಂದರೆ ಮಾತು ಮುಗಿಯಿತು. ಭುಜ ನೋಯಿಸದ ಕೊಡಲಿಯೊಂದನ್ನು ಮಾಡಿಕೊಟ್ಟರೆ ಸತ್ಯಪ್ಪ ಬರುವುದನ್ನು ಬಿಡುವುದಿಲ್ಲ. ಅಂದೇ ಕಾಗದ, ಪೆನ್ಸಿಲು, ಕೋನಮಾಪಕ ಹಿಡಿದು ಕೂತೆ.

ಚಿಕ್ಕೋಡಿ ರಸ್ತೆಯ ಕುಲುಮೆಯ ದಸ್ತಗೀರ ನನ್ನ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊಡಲಿ ತೆಳ್ಳಗಿರುವುದರಿಂದಲೇ ಗಂಟಿಗೆ ಸಿಕ್ಕುತ್ತದೆ, ಆದ್ದರಿಂದ ಕೆನ್ನೆ ಎರಡೂ ಕಡೆ ಉಬ್ಬಿರಬೇಕು ಎಂದು ಅವನಿಗೆ ಮುಕ್ಕಾಲು ತಾಸು ಪಾಠ ಹೇಳಿದೆ.

"ಸರ, ಇದು ಕೊಡ್ಲಿ ಐತೋ, ಕುಂಬಳಕಾಯಿ ಐತೋ?" ಎಂದ.

"ನೀ ಮಾಡು. ಆಮ್ಯಾಲೆ ನೀನ ಹೊಗಳ್ತಿ."

ಮಾಡಿದ. ಸತ್ಯಪ್ಪ ಅದನ್ನು ಎತ್ತಿ ತುಂಡಿನ ಮೇಲೆ ಹಾಕಿದ. ಕೊಡಲಿ ಚೆಂಡಿನ ಹಾಗೆ ಪುಟಿದು ಅವನನ್ನು ಎರಡು ಹೆಜ್ಜೆ ಹಿಂದಕ್ಕೆ ಒಯ್ದಿತು. ತುಂಡಿನ ಮೇಲೆ ಸಣ್ಣದೊಂದು ತಗ್ಗು ಬಿತ್ತು. ಅಷ್ಟೇ.

"ಕಟಗಿಗೆ ಏನೂ ಆಗಿಲ್ರಿ. ನಂದ ಎಲಬು ಸಡಲ್ಯಾವ," ಎಂದ ಸತ್ಯಪ್ಪ.

ಎರಡನೆಯ ಆವೃತ್ತಿಗೆ ತೂಕವನ್ನು ಒಂದೇ ಬದಿಗೆ ಇರಿಸಿದೆ. ಪೆಟ್ಟು ಬಿದ್ದ ಕೂಡಲೇ ಕೊಡಲಿ ತಾನಾಗಿಯೇ ಹೊರಳಿ ಕಟ್ಟಿಗೆಯನ್ನು ಎರಡು ಕಡೆಗೆ ಎಸೆಯತಕ್ಕದ್ದು. ಕಾವನ್ನು, ಎಂದರೆ ಕೊಡಲಿಯ ಮರದ ಹಿಡಿಯನ್ನು, ಒಂದು ರಾತ್ರಿ ನೀರಿನಲ್ಲಿ ನೆನೆಸಿಡಿ, ಉಬ್ಬಿ ಬಿಗಿಯಾಗುತ್ತದೆ ಎಂದು ದಸ್ತಗೀರ ಹೇಳಿದ್ದ. ಯಾರಿಗೆ ಹೇಳುತ್ತಿದ್ದಾನೆ ಇವನು ಎಂದುಕೊಂಡೆ. ನೆನೆಸಲಿಲ್ಲ. ಸತ್ಯಪ್ಪನ ಭುಜಕ್ಕೆ ತ್ರಾಸಾಗಬಾರದೆಂದು ಪ್ರಾತ್ಯಕ್ಷಿಕೆಯನ್ನು ನಾನೇ ಕೈಗೊಂಡೆ.

ಕೊಡಲಿ ಹೊರಳಿದ್ದು ನಿಜ. ಆದರೆ ಕಟ್ಟಿಗೆಗೆ ಬೀಳುವ ಮೊದಲೇ ಗಾಳಿಯಲ್ಲಿ ಹೊರಳಿತು! ಕಾವು ನನ್ನ ಕೈಯಲ್ಲೇ ಉಳಿಯಿತು. ಕೊಡಲಿಯ ತಲೆ ಹಾರಿಹೋಗಿ ಬಚ್ಚಲ ಬಾಗಿಲಲ್ಲಿದ್ದ ಬಂಬದ ಹೊಟ್ಟೆಗೆ ನಾಟಿತು. ತಾಮ್ರದಿಂದ ನೀರು ಕಾರಂಜಿಯಂತೆ ಚಿಮ್ಮಿತು.

ಪಕ್ಕದ ಮನೆಯ ಅಕ್ಕಾತಾಯಿ ಗೋಡೆಯ ಮೇಲಿಂದ ಇಣುಕಿದಳು.

"ಏನ್ರಿ ಮಾಸ್ತರ್ರ, ಅದೇನ ಸಪ್ಪಳಾ?"

"ಪ್ರಯೋಗ ನಡದೈತಿ."

"ಯಾರಿಗೂ ಬಡದಿಲ್ಲಲ್ಲ?"

"ಬಂಬಕ್ಕ ಬಡದೈತಿ."

ಬಂಬ ಬೆಸುಗೆಗೆ ಹೋಯಿತು. ಹತ್ತು ದಿನ ನಾನು ಬಚ್ಚಲ ಬಾಗಿಲು ಭದ್ರವಾಗಿ ಹಾಕಿಕೊಂಡು, ಮನೆಯಲ್ಲಿ ನೋಡುವವರು ಯಾರೂ ಇಲ್ಲದಿದ್ದರೂ, ಕಳ್ಳನ ಹಾಗೆ ಗೀಜರ್ ನೀರಿನಲ್ಲಿ ಸ್ನಾನ ಮಾಡಿದೆ.

ಮೂರನೆಯ ಸಲ ದಸ್ತಗೀರ ಚಿತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದನ್ನ ಇಟ್ಟ ಹೋಗ್ರಿ ಸರ, ಉಪಯೋಗ ಆಗ್ತೈತಿ," ಎಂದ. ಕುಲುಮೆ ಹೊತ್ತಿಸಲು ಉಪಯೋಗವಾಯಿತೆಂದು ಆಮೇಲೆ ತಿಳಿಯಿತು. ಅವನು ತನ್ನ ಬುದ್ಧಿಯಿಂದಲೇ ಬಾಯಿಯನ್ನು ತೆಳ್ಳಗೆ ಬಡಿದು, ಹಿಂದೆ ಹೋಗುತ್ತ ಹೋಗುತ್ತ ದಪ್ಪ ಮಾಡಿ, ಕಾವನ್ನು ತಾನೇ ನೆನೆಸಿ ಕೂಡಿಸಿಕೊಟ್ಟ. ಅದನ್ನು ನನ್ನ ಸಂಶೋಧನೆ ಎಂದು ಸತ್ಯಪ್ಪನಿಗೆ ಕೊಟ್ಟೆ.

ಮೊದಲ ಪೆಟ್ಟಿಗೇ ಜಾಲಿಯ ತುಂಡು ಎರಡಾಗಿ ಬಿತ್ತು. ಸತ್ಯಪ್ಪ ಕೊಡಲಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಎತ್ತಿದ. ತಂಬಾಕಿಲ್ಲ, ದಣಿವಿಲ್ಲ, ಎತ್ತಿನ ವರದಿಯಿಲ್ಲ. ನಾಲ್ಕು ತಿಂಗಳಿಗೆಂದು ತರಿಸಿದ್ದ ರಾಶಿ ಹನ್ನೊಂದು ಗಂಟೆಗೆ ಮುಗಿದು ಗೋಡೆಗೆ ಒಟ್ಟಿಯಾಗಿತ್ತು!

"ಭುಜಾ ಎಳ್ಳಷ್ಟೂ ನೋಯ್ಲಿಲ್ರಿ ಮಾಸ್ತರ್ರ. ಕೊಡ್ಲಿ ಅಂದ್ರ ಇದು. ಇನ್ನ ನಾಕ ತಿಂಗಳ ನಿಮಗ ಚಿಂತಿಲ್ಲ. ಬರ್ತೇನ್ರಿ."

ಹೋಗಿಯೇ ಬಿಟ್ಟ. ಒಲೆಯ ಮೇಲೆ ಎರಡನೆಯ ಚಹಾ ಕುದಿಯುತ್ತಿತ್ತು. ನಾನು ಗೆದ್ದಿದ್ದೆ, ಮತ್ತು ಹಿತ್ತಲಲ್ಲಿ ಯಾರೂ ಇರಲಿಲ್ಲ.

ಮುಂದಿನ ಸೋಮವಾರ ರೂಢಿಯಂತೆ ಎರಡು ಕಪ್ ಚಹಾ ಮಾಡಿ, ಎರಡನ್ನೂ ನಾನೇ ಕುಡಿದೆ. ಅದರ ಮುಂದಿನ ಸೋಮವಾರ ಕುರ್ಚಿ ಹಾಕಿಕೊಂಡು ಒಟ್ಟಿದ ಕಟ್ಟಿಗೆಯ ಮೇಲ್ವಿಚಾರಣೆ ಮಾಡಿದೆ. ಕಟ್ಟಿಗೆ ಏನು ಮಾತಾಡುತ್ತದೆ? ಸತ್ಯಪ್ಪನ ಹೊಸ ಕೊಡಲಿಗೆ ಊರ ತುಂಬ ಕರೆ ಬರುತ್ತಿದೆ ಎಂದು ಅಕ್ಕಾತಾಯಿ ಹೇಳಿದಳು. ನನಗೆ ಹೊಟ್ಟೆಕಿಚ್ಚಾಯಿತು, ಅದೂ ಒಂದು ಕೊಡಲಿಯ ಮೇಲೆ. ತಡೆಯಲಾರದೆ ಕುಲುಮೆಗೆ ಹೋದೆ.

"ದಸ್ತಗೀರ, ಆ ಕೊಡ್ಲಿ ಸ್ವಲ್ಪ ಕೆಡಿಸಿ ಕೊಡಾಕ ಬರ್ತೈತೇನ?"

ಅವನು ಸುತ್ತಿಗೆ ಕೆಳಗಿಟ್ಟ. "ಸರ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?"

"ಮನ್ಯಾಗ ನಾ ಒಬ್ಬಾವ ಅದೇನಿ."

"ಅದಕ್ಕ ಕೇಳಿದ್ನಿ," ಎಂದ.

ಮನೆಗೆ ಬಂದು ಸತ್ಯಪ್ಪನಿಗೆ ಫೋನ್ ಹಚ್ಚಿದೆ.

"ಸತ್ಯಪ್ಪ, ಕಟಗಿ ಮುಗದಾವಪಾ."

"ಸುಳ್ಳ ಯಾಕ ಹೇಳ್ತೀರಿ? ನಿನ್ನಿ ನಿಮ್ಮ ಹಿತ್ತಲ ಬಾಜೂಕ ಹಾದ ಹೋಗೂಮುಂದ ನೋಡೇನಿ. ಗ್ವಾಡಿ ಮಟಾ ಒಟ್ಟೈತಿ."

"ಹಿತ್ತಲ ಮಟಾ ಬಂದಾವ ಒಳಗ ಯಾಕ ಬರ್ಲಿಲ್ಲ?"

"ದಗದ ಇರ್ಲಾರದ ಹೆಂಗ ಬರ್ಲಿರಿ?"

ನನ್ನ ಹತ್ತಿರ ಇನ್ನೊಂದು ಸುಳ್ಳು ತಯಾರಿರಲಿಲ್ಲ. "ಬ್ಯಾಸರಾಗೈತೋ," ಎಂದೆ. "ಮಾತಾಡಾಕ ಯಾರೂ ಇಲ್ಲ. ಸೋಮವಾರ ಬಾ."

ಆ ಕಡೆ ಅವನು ಎತ್ತುಗಳನ್ನು ನಿಲ್ಲಿಸಿದ ಸದ್ದು ಕೇಳಿತು.

"ಇಷ್ಟ ಹೇಳಾಕ ಮೂರ ಕೊಡ್ಲಿ ಮಾಡಿಸೂದಿತ್ತೇನ್ರಿ?" ಎಂದ.

ಸೋಮವಾರ ಬಂದ. ಬರಿಗೈಯಲ್ಲಿ ಬಂದಿದ್ದ. ಕಟ್ಟೆಯ ಮೇಲೆ ಅವನು, ಕುರ್ಚಿಯಲ್ಲಿ ನಾನು. ಚಹಾ ಐದು ನಿಮಿಷಕ್ಕೆ ಮುಗಿಯಿತು. ಆಮೇಲೆ ಇಬ್ಬರಿಗೂ ಒಂದು ಮಾತೂ ಹೊಳೆಯಲಿಲ್ಲ. ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡ. ಇವನೂ ಈಗ ಏಳುತ್ತಾನೆ, ಇನ್ನು ಬರುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಅವನು ಎದ್ದೇ ಬಿಟ್ಟ.

"ಮಾಸ್ತರ್ರ, ಈ ಕಟಗಿ ಈ ಗ್ವಾಡಿಗೆ ಬ್ಯಾಡ. ಆ ಗ್ವಾಡಿಗೆ ಒಟ್ಟೂಣು."

"ಯಾಕ? ಇಲ್ಲೇನಾಗೈತಿ?"

"ಏನೂ ಆಗಿಲ್ಲ. ಏಳ್ರಿ."

ಎದ್ದೆ. ಅಷ್ಟೂ ಕಟ್ಟಿಗೆಯನ್ನು ಒಂದೊಂದಾಗಿ ಕಿತ್ತು ಎದುರಿನ ಗೋಡೆಗೆ ಒಟ್ಟತೊಡಗಿದೆವು. ನಡುವೆ ಮೂರು ಸಲ ಚಹಾ ಆಯಿತು, ಮಂಗಸೂಳಿಯ ಜಾತ್ರೆಗೆ ಹೋದಾಗ ಅವನ ಚಪ್ಪಲಿ ಕಳೆದ ಕಥೆಯಾಯಿತು. ಸಂಜೆಯಾದರೂ ಕೆಲಸ ಮುಗಿದಿರಲಿಲ್ಲ. ಅಕ್ಕಾತಾಯಿ ಗೋಡೆಯ ಮೇಲಿಂದ ನೋಡಿ ಯಾಕೆಂದು ಕೇಳಿದಳು.

"ಕಟಗಿಗೆ ಗಾಳಿ ಆಡ್ಲಿ ಅಂತ," ಎಂದೆ.

"ಗಾಳಿ ಎರಡೂ ಕಡೆ ಒಂದ ಐತಲ್ರಿ."

ಈ ಆಕ್ಷೇಪಣೆಯನ್ನು ನಾನು ಮತ್ತು ಸತ್ಯಪ್ಪ ಕೂಲಂಕಷವಾಗಿ ಪರಿಶೀಲಿಸಿದೆವು. ಅವಳು ಹೇಳಿದ್ದು ಸರಿ ಎಂದು ಕಂಡುಬಂದದ್ದರಿಂದ, ಮುಂದಿನ ಸೋಮವಾರ ಅಷ್ಟನ್ನೂ ಮತ್ತೆ ಮೊದಲಿನ ಗೋಡೆಗೆ ಸಾಗಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಗಿದೆ.