ಮಿಷಿನ್ ಸುಳ್ಳು ಹೇಳಲ್ಲ

ಲ್ಯಾಬಿಗೆ ಹೋಗುವವರು ಮನೆಯಿಂದ ಏನೇನು ಹೊತ್ತುಕೊಂಡು ಬಂದಿರುತ್ತಾರೆ ಅನ್ನುವುದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಕೆ.ಆರ್. ಪುರದ ಕಡೆಯ ಒಂದು ಕಾಲೇಜಿನಲ್ಲಿ ಎಂ.ಫಾರ್ಮ್ ಓದುವಾಗ ನನಗೆ ಇದು ವಾರಕ್ಕೊಂದು ಸಲವಾದರೂ ಮನದಟ್ಟಾಗುತ್ತಿತ್ತು. ಔಷಧಗಳನ್ನು ಯಂತ್ರಗಳಿಂದ ಪರೀಕ್ಷಿಸುವುದು ನಮ್ಮ ಪಾಠ. ಮಾತ್ರೆಯಲ್ಲಿ ಹೇಳಿದ ಔಷಧ ಹೇಳಿದಷ್ಟೇ ಇದೆಯೇ, ಬೇರೇನಾದರೂ ಸೇರಿಕೊಂಡಿದೆಯೇ ಎಂದು ನೋಡಬೇಕು. ನಮ್ಮ ಮಾತ್ರೆಗಳಲ್ಲಿ ಬೇರೇನಾದರೂ ಸೇರಿಕೊಂಡೇ ಇರುತ್ತಿತ್ತು.

ಈ ಪ್ರಾಕ್ಟಿಕಲ್‌ನಲ್ಲಿ ನಾನು ಆಗಲೇ ಒಂದು ಸಲ ಡುಮ್ಕಿ ಹೊಡೆದಿದ್ದೆ. ಔಷಧ ಕಂಪನಿಯೊಂದರಲ್ಲಿ ಕೆಲಸವೇನೋ ಸಿಕ್ಕಿತ್ತು, ಆದರೆ ಈ ಸಲ ಪಾಸಾದರೆ ಮಾತ್ರ ಬಾರಮ್ಮಾ ಅಂದಿದ್ದರು. ಹಾಗಾಗಿ ಈಗ ಹೇಳುವ ಪ್ರಸಂಗಗಳಲ್ಲಿ ಉಳಿದವರೆಲ್ಲ ಆಗಲೇ ನಕ್ಕರು, ನಾನು ನಕ್ಕಿದ್ದು ಫಲಿತಾಂಶ ಬಂದ ಮೇಲೆ.

ಮುಖಕ್ಕೆ ಹಚ್ಚಿದ್ದು

ಲ್ಯಾಬಿನಲ್ಲಿ ನನ್ನ ಜೋಡಿ ಶಿವಾಜಿನಗರದ ಗೆಳತಿ. ಬೆಳಿಗ್ಗೆ ಸ್ಕೂಟರ್‌ನಲ್ಲಿ ಬಂದು ಜೀವನ್ ಬಿಮಾ ನಗರದಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದಳು. ಮುಖಕ್ಕೆ, ಕೈಗೆ ಸನ್‌ಸ್ಕ್ರೀನ್ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿರುತ್ತಿದ್ದಳು. ಕೇಳಿದರೆ, "ಟಿನ್ ಫ್ಯಾಕ್ಟರಿ ಸಿಗ್ನಲ್ಲಲ್ಲಿ ನಿಂತು ನೋಡು ಮಗಾ, ಕಬಾಬ್ ಆಗ್ಬಿಡ್ತೀಯ" ಅನ್ನುತ್ತಿದ್ದಳು.

ಅವತ್ತು ಯುವಿ, ಅಂದರೆ ಬಿಸಿಲಿನಲ್ಲಿ ಚರ್ಮ ಸುಡುವ ಬೆಳಕಿನ ಯಂತ್ರದ ಪಾಠ. ಔಷಧ ಕರಗಿಸಿದ ದ್ರವವನ್ನು ಬೆರಳಗಾತ್ರದ ಗಾಜಿನ ಡಬ್ಬಿಯಲ್ಲಿ ಹಾಕಿ ಇಟ್ಟರೆ, ಅದು ಎಷ್ಟು ಬೆಳಕು ನುಂಗುತ್ತದೆ ಅಂತ ಯಂತ್ರ ಹೇಳುತ್ತದೆ. ಎಷ್ಟು ಬೆಳಕು ನುಂಗಿತೋ ಅದರ ಮೇಲೆ ಔಷಧದ ಲೆಕ್ಕ. ನಮ್ಮ ಮಾತ್ರೆಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಕಡಿಮೆ ಎರಡರಷ್ಟು ಔಷಧ ಬಂತು.

"ಕಂಪನಿಯವರು ಧಾರಾಳಿಗಳು" ಅಂದಳು ಗೆಳತಿ.

"ಮಿಷಿನ್ ಸುಳ್ಳು ಹೇಳಲ್ಲ, ಹೇಳೋದು ನೀವು" ಅನ್ನುತ್ತಾ ನಮ್ಮ ಮೇಡಂ ಬಂದರು. ಇದು ಅವರು ದಿನಾ ಹೇಳುವ ಮಾತು. ಡಬ್ಬಿಯಲ್ಲಿ ಬರೀ ನೀರು ತುಂಬಿಸಿ ಇಡಿಸಿದರು. ನೀರೂ ಗಟಗಟ ಬೆಳಕು ಕುಡಿಯಿತು. ಡಬ್ಬಿಯನ್ನು ಕಿಟಕಿಯ ಕಡೆ ಹಿಡಿದು ನೋಡಿದರೆ ಗಾಜಿನ ಮೇಲೆ ಗೆಳತಿಯ ಹೆಬ್ಬೆಟ್ಟಿನ ಗುರುತು, ಆಸ್ತಿ ಬರೆದುಕೊಟ್ಟಷ್ಟು ಸ್ಪಷ್ಟವಾಗಿ.

"ಕೈಗೆ ಏನಮ್ಮಾ ಹಚ್ಚಿದ್ದೀಯ?"

"ಸನ್‌ಸ್ಕ್ರೀನ್ ಮೇಡಂ. ಸಾರಿ ಮೇಡಂ."

ಮೇಡಂ ಬೈಯಲು ಬಾಯಿ ತೆರೆದವರು ಯಂತ್ರದ ಕಡೆ ಇನ್ನೊಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಯಾವ ಕಂಪನೀದು? ಚೆನ್ನಾಗೇ ಕೆಲಸ ಮಾಡ್ತಿದೆ" ಅಂದರು.

ಹತ್ತು ನಿಮಿಷ ಸಾಕಾ

ಸಾನಿಕೇಟರ್ ಅಂತ ಒಂದು ಸ್ಟೀಲಿನ ತೊಟ್ಟಿ ಇತ್ತು. ನಮ್ಮ ಕಿವಿಗೆ ಕೇಳಿಸದಷ್ಟು ಕೀಚಲು ಶಬ್ದದಿಂದ ಅದರೊಳಗಿನ ನೀರು ಗಡಗಡ ನಡುಗುತ್ತದೆ. ದ್ರವಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಓಡಿಸುವುದು ಅದರ ಕೆಲಸ. ಬೆಳ್ಳಿಯ ಕೊಳೆಯನ್ನೂ ಓಡಿಸುತ್ತದೆ ಅಂತ ಕಂಡುಹಿಡಿದವಳು ನನ್ನ ಗೆಳತಿ. ಅವಳ ಚಿಕ್ಕಪ್ಪನ ಮಗಳ ಮದುವೆ ಹತ್ತಿರವಿತ್ತು, ಕಾಲ್ಗೆಜ್ಜೆ ತಂದು ಮುಳುಗಿಸಿದಳು. ಹೊಸದರ ಹಾಗೆ ಹೊಳೆಯಿತು.

ಸುದ್ದಿ ಹಬ್ಬಿತು. ಮಾರನೆಯ ವಾರ ಆಫೀಸಿನ ಹೆಂಗಸರು ಓಲೆ ತಂದರು, ಲೈಬ್ರರಿಯವರು ದೇವರ ದೀಪ ತಂದರು. ದ್ರವದ ಬಾಟಲಿ ಹಿಡಿದುಕೊಂಡು ನಾನು ಸರದಿಯ ಕೊನೆಯಲ್ಲಿ ನಿಂತೆ.

ಮೇಡಂ ಒಳಗೆ ಬಂದವರೇ, "ಇದು ಲ್ಯಾಬೋ, ಕಮರ್ಷಿಯಲ್ ಸ್ಟ್ರೀಟಿನ ಒಡವೆ ಅಂಗಡೀನೋ?" ಅಂದರು. ಓಲೆಗಳೆಲ್ಲ ಸೆರಗಿನೊಳಗೆ ಸೇರಿದವು. ಅವರು ತೊಟ್ಟಿಯ ಮುಚ್ಚಳ ತೆಗೆದರು. ದೀಪ ಥಳಥಳ ಅನ್ನುತ್ತಿತ್ತು. ಅದನ್ನೇ ನೋಡುತ್ತಾ ತಮ್ಮ ಚಿನ್ನದ ಬಳೆ ಬಿಚ್ಚಿದರು.

"ನಮ್ಮತ್ತೆ ಇವನ್ನ ಹಿತ್ತಾಳೆ ಅಂತ ಅನುಮಾನ ಪಡ್ತಾರೆ. ಹತ್ತು ನಿಮಿಷ ಸಾಕಾ?"

ಬೇಸ್‌ಲೈನ್

ಕಾಲೇಜಿನಲ್ಲಿ ಎಸಿ ಇದ್ದದ್ದು ಪ್ರಿನ್ಸಿಪಾಲರ ಕೋಣೆಗೆ ಮತ್ತು ಔಷಧದ ಅಂಶಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ. ಏಪ್ರಿಲ್ ಬಂದರೆ ಇಡೀ ಕಾಲೇಜಿಗೆ ಎಚ್‌ಪಿಎಲ್‌ಸಿ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತಿತ್ತು. ಯಂತ್ರದ ಪರದೆಯ ಮೇಲಿನ ಗೆರೆ, ಅಂದರೆ ಬೇಸ್‌ಲೈನ್, ನೆಟ್ಟಗಾಗುವ ತನಕ ಕಾಯಬೇಕು ಅನ್ನುವುದು ಎಲ್ಲರಿಗೂ ನೆಪ.

ಸೀನಿಯರ್ ಒಬ್ಬ ಪರದೆಯ ಮುಂದೆ ಕೂತು ಗೊರಕೆ ಹೊಡೆಯುತ್ತಿದ್ದ. ಮೇಡಂ ಬಂದು ಭುಜ ತಟ್ಟಿದರು.

"ಏನು ಮಾಡ್ತಿದ್ದೀಯಪ್ಪಾ?"

"ಬೇಸ್‌ಲೈನ್ ನೋಡ್ತಿದ್ದೀನಿ ಮೇಡಂ."

"ಕಣ್ಣು ಮುಚ್ಕೊಂಡು?"

"ಒಂಚೂರೂ ಅಲ್ಲಾಡ್ತಿಲ್ಲ ಮೇಡಂ. ಇಷ್ಟು ನೀಟಾಗಿ ಯಾವತ್ತೂ ಬಂದಿರ್ಲಿಲ್ಲ."

"ಅಲ್ಲಾಡಲ್ಲಪ್ಪಾ, ಮಿಷಿನ್ ಇನ್ನೂ ಆನ್ ಮಾಡಿಲ್ಲ."

ಮೂರನೇ ಗುಡ್ಡ

ಪರೀಕ್ಷೆಯ ದಿನ ಬಂತು. ಹಾವೇರಿ ಕಡೆಯವಳಾದ ನಮ್ಮವ್ವ ನಸುಕಿನಲ್ಲೇ ಹಲಸೂರಿನ ದೇವಸ್ಥಾನಕ್ಕೆ ಹೋಗಿ ಬಂದಿದ್ದಳು. ಚೆನ್ನಾಗಿ ಅರಿಶಿನದಲ್ಲಿ ಅದ್ದಿದ ದಾರವೊಂದನ್ನು ತಂದು, "ಕೈ ಕೊಡು ಇಲ್ಲೆ" ಅಂದಳು.

"ಅವ್ವಾ, ಲ್ಯಾಬಿಗೆ ಇಂಥಾವೆಲ್ಲ ಕಟ್ಕೊಂಡ್ ಹೋಗಬಾರದು."

"ಹೋದ ಸಲ ಕಟ್ಟಿರಲಿಲ್ಲ. ಏನಾತು?"

ಕೈ ಚಾಚಿ ಕಟ್ಟಿಸಿಕೊಂಡೆ. ದಾರದ ತುದಿ ಗೇಣುದ್ದ ಜೋತಾಡುತ್ತಿತ್ತು. ಕತ್ತರಿಸಲು ಅವಳು ಬಿಡಲಿಲ್ಲ.

ಸ್ಕೂಟರ್ ಮೇಲೆ ನಾನು ಪಾಠ ಒಪ್ಪಿಸುತ್ತಿದ್ದುದನ್ನು ಕೇಳಿ ಗೆಳತಿ, "ಕೈಕು ಟೆನ್ಷನ್ ಲೇತಿ? ಯಾಕಿಷ್ಟು ಹೆದರ್ತೀಯ? ನಾನೂ ದುವಾ ಮಾಡಿದ್ದೀನಿ, ಎರಡು ಕಡೆಯಿಂದ್ಲೂ ಸೇರಿ ಪಾಸ್ ಮಾಡಿಸ್ತಾರೆ" ಅಂದಳು.

ಪರೀಕ್ಷೆಗೆ ನನಗೆ ಬಂದದ್ದು ಎಚ್‌ಪಿಎಲ್‌ಸಿ. ಮಾತ್ರೆಯನ್ನು ಕರಗಿಸಿ ಯಂತ್ರದ ಸಣ್ಣ ಉಕ್ಕಿನ ಕೊಳವೆಯಲ್ಲಿ ಹರಿಸಿದರೆ, ಒಳಗಿರುವ ಒಂದೊಂದು ವಸ್ತುವೂ ತನ್ನದೇ ಹೊತ್ತಿಗೆ ಹೊರಬಂದು ಪರದೆಯ ಮೇಲೆ ಒಂದೊಂದು ಗುಡ್ಡ ಬರೆಯುತ್ತದೆ. ನನಗೆ ಕೊಟ್ಟ ಮಾತ್ರೆಯಲ್ಲಿ ಎರಡು ಔಷಧ, ಹಾಗಾಗಿ ಎರಡು ಗುಡ್ಡ ಬರಬೇಕು. ಮೊದಲನೆಯದು ಬಂತು. ಎರಡನೆಯದೂ ಬಂತು. ಉಸಿರು ಬಿಟ್ಟು ಕೂತಿದ್ದೆ, ಅಷ್ಟರಲ್ಲಿ ಗೆರೆ ಮತ್ತೆ ಮೇಲೇಳತೊಡಗಿತು. ನೋಡನೋಡುತ್ತಾ ಮೂರನೆಯದು ಎದ್ದು ನಿಂತಿತು. ಕೆಲಸ ಹೋಯಿತು, ಇನ್ನೊಂದು ಸಲ ಪರೀಕ್ಷೆ ಖಾಯಂ ಅಂದುಕೊಂಡೆ.

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಏರಿಸಿ, "ಇದು ಯಾವುದಮ್ಮಾ?" ಅಂದರು.

ಮೇಡಂ ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡರು. ನಾನು ತಲೆ ತಗ್ಗಿಸಿದೆ. ಆಗ ಕಣ್ಣಿಗೆ ಬಿತ್ತು, ಕೈಯ ದಾರ. ಬೆಳಿಗ್ಗೆ ಹಳದಿಯಾಗಿದ್ದ ತುದಿ ಬೆಳ್ಳಗಾಗಿತ್ತು. ಮಾತ್ರೆ ಕರಗಿಸುವಾಗ ಅದು ಮೆಥನಾಲ್‌ನ ಬೀಕರಿನೊಳಗೆ ಇಳಿದು ಆರಾಮವಾಗಿ ಸ್ನಾನ ಮಾಡಿ ಬಂದಿತ್ತು. ಅರಿಶಿನ ಮೆಥನಾಲ್‌ನಲ್ಲಿ ಸಲೀಸಾಗಿ ಕರಗುತ್ತದೆ.

"ಸರ್, ಅದು ನಮ್ಮಮ್ಮನ ಆಶೀರ್ವಾದ" ಅಂದೆ. ಬಾಯಿಗೆ ಬಂದದ್ದೇ ಅದು.

"ಪ್ರೂವ್ ಮಾಡ್ತೀಯಾ?"

ಇನ್ನೂ ಹಳದಿಯಿದ್ದ ಕಡೆ ದಾರದ ಚೂರು ಕತ್ತರಿಸಿ, ಬೇರೆ ಮೆಥನಾಲ್‌ನಲ್ಲಿ ಅದ್ದಿ ಯಂತ್ರಕ್ಕೆ ಹಾಕಿದೆ. ಎಲ್ಲರೂ ಪರದೆ ನೋಡುತ್ತಾ ನಿಂತರು. ಮೊದಲ ಗುಡ್ಡದ ಹೊತ್ತು ಕಳೆಯಿತು, ಗೆರೆ ನೆಟ್ಟಗಿತ್ತು. ಎರಡನೆಯದರ ಹೊತ್ತೂ ಕಳೆಯಿತು. ಸರಿಯಾಗಿ ಮೂರನೆಯದರ ಹೊತ್ತಿಗೆ ಗೆರೆ ಎದ್ದಿತು. ಒಂದು ಗುಡ್ಡ ನೋಡಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಪರೀಕ್ಷಕರು ನಗುತ್ತಾ ಪೆನ್ನು ತೆಗೆದರು. "ಬೇರೆ ಗುಡ್ಡ ಬಂದ್ರೆ ಎಲ್ಲರೂ ಮಿಷಿನ್ ಮೇಲೆ ಹಾಕ್ತಾರೆ. ಅಮ್ಮನ ಮೇಲೆ ಹಾಕಿ, ಅದನ್ನ ಸಾಬೀತೂ ಮಾಡಿದವಳು ನೀನೊಬ್ಬಳೇ. ಹೋಗು, ಪಾಸು."

ಮನೆಗೆ ಓಡಿ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳ ದಾರದಿಂದ ನಾನು ಮುಳುಗುವುದರಲ್ಲಿದ್ದೆ ಅನ್ನುತ್ತಾ ಯಂತ್ರ ಬರೆದ ಚಿತ್ರವನ್ನೂ ತೋರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಇದರಾಗ ನನ್ನ ದಾರ ಯಾವುದು?" ಅಂದಳು. ಮೂರನೇ ಗುಡ್ಡ ತೋರಿಸಿದೆ.

ಅದರ ನೆತ್ತಿಗೆ ಒಂದು ಕುಂಕುಮದ ಬೊಟ್ಟಿಟ್ಟು, ಚಿತ್ರವನ್ನು ದೇವರ ಗೂಡಿನಲ್ಲಿ ಒರಗಿಸಿ ಕೈ ಮುಗಿದಳು.

"ದೇವರಿಲ್ಲ, ದಿಂಡ್ರಿಲ್ಲ ಅಂತಿದ್ದಿ. ಈಗ ನೋಡು, ಅಷ್ಟು ದೊಡ್ಡ ಮಿಷಿನ್ನಿಗೇ ಕಾಣಿಸೇತಿ. ಅದೇನು ಸುಳ್ಳು ಹೇಳ್ತೇತೇನು?"