ದೊಡ್ಡ ಬಂಗಲೆ ಎರಡು ತುಂಡು ಮಾಡಿ

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಬುದ್ಧಿ ಅರ್ಧ ದಿನ ರಜೆ ಹಾಕುತ್ತದೆ. ಬಲ್ಮಠದ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನಾನು ಬೇಡಿಕೆ, ಬೆಲೆ ಎಂದೆಲ್ಲ ಗಂಟಲು ಹರಿದುಕೊಳ್ಳುವುದೇನೋ ನಿಜ. ಆದರೆ ಉಚಿತ ಕ್ಯಾಲೆಂಡರಿನ ಆಸೆಗೆ ಬೇಡದ ಸೋಪು ಕೊಂಡು ತಂದವನೂ ನಾನೇ. ಇಂಥವನಿಗೆ ಒಂದು ಸುದ್ದಿ ಸಿಕ್ಕಿತು. ಕಂಪ್ಯೂಟರ್ ಪ್ರೋಗ್ರಾಮಿನ ಕಷ್ಟದ ಭಾಗಗಳನ್ನೆಲ್ಲ ಜಾಣರು ಮೊದಲೇ ಬರೆದು, 'ಲೈಬ್ರರಿ' ಎಂದು ಹೆಸರಿಟ್ಟು, ಯಾರು ಬೇಕಾದರೂ ಬಳಸಿ, ತಿದ್ದಿ, ದುಡ್ಡು ಬೇಡ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿರುತ್ತಾರಂತೆ. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ಕಂಪ್ಯೂಟರಿನ ಮುಂದೆ ಕುಳಿತೆ.

ನೆಪವೂ ಒದಗಿತ್ತು. ನಮ್ಮ ವಾಮಂಜೂರಿನ ಮಹಿಳಾ ಮಂಡಲದವರು ಅಡುಗೆ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಮೀನಿನ ಅಧ್ಯಾಯ ಪೂರ್ತಿ ನನ್ನ ಹೆಂಡತಿ ಶಾಲಿನಿಯದು. ಅವಳ ಅಡುಗೆಯನ್ನು ಹೊಗಳಿ ಉಂಡವರು ಬಹಳ, ಬರೆದು ಕೊಡಿ ಎಂದು ಕೇಳಿದವರು ಇವರೇ ಮೊದಲು. ಅವಳ ಸಂಭ್ರಮ ನೋಡಿ ನನಗೂ ಖುಷಿ. ಶನಿವಾರ ಪ್ರೆಸ್ಸಿಗೆ ಕೊಡಬೇಕು. ಆದರೆ ಅವಳಿಗೆ ಅಳತೆ ನೆನಪಾಗುವುದು ಕೈ ಮಸಾಲೆಯಲ್ಲಿದ್ದಾಗ ಮಾತ್ರ, ಪೆನ್ನು ಹಿಡಿದರೆ ಎಲ್ಲ ಮರೆವು.

"ನೀನು ಹೇಳ್ತಾ ಹೋಗು ಮಾರಾಯ್ತಿ, ಕಂಪ್ಯೂಟರ್ ಬರ್ಕೊಳ್ತದೆ," ಎಂದೆ.

"ಪ್ರೋಗ್ರಾಂ ಬರೀಲಿಕ್ಕೆ ನಿಮಗೆ ಗೊತ್ತುಂಟಾ?"

"ಗೊತ್ತಿರ್ಬೇಕು ಅಂತ ಇಲ್ಲ. ಲೈಬ್ರರಿ ಉಂಟು. ಫ್ರೀ."

ಆಡಿದ ಮಾತನ್ನು ಅಕ್ಷರಕ್ಕಿಳಿಸುವ ಲೈಬ್ರರಿಯೊಂದು ಸಿಕ್ಕಿತು. 'ಆರಂಭಿಸುವುದು ಬಲು ಸುಲಭ' ಎಂದು ಅದರ ಮೊದಲ ಪುಟದಲ್ಲಿತ್ತು. ಇಳಿಸಿಕೊಂಡರೆ, ಜೊತೆಗೆ ಇನ್ನೊಂದು ಲೈಬ್ರರಿ ಬೇಕು ಎಂದಿತು. ಆ ಇನ್ನೊಂದಕ್ಕೆ ಮತ್ತೆರಡು. ನಿಶ್ಚಿತಾರ್ಥಕ್ಕೆ ಒಬ್ಬ ಮಾವನನ್ನು ಕರೆದರೆ ಇಡೀ ಕುಟುಂಬ ಹೊರಡುತ್ತದಲ್ಲ, ಹಾಗೆ. ಬಂದವುಗಳಲ್ಲಿ ಎರಡಕ್ಕೆ ಪರಸ್ಪರ ಮಾತಿಲ್ಲ ಬೇರೆ. ಹಂಪನಕಟ್ಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳೆಯ ಇಬ್ರಾಹಿಂನಿಗೆ ಫೋನ್ ಮಾಡಿದೆ. "ಶೆಟ್ರೇ, ಫ್ರೀ ಅಂದ್ರೆ ಹಾಗೆಯೇ. ಬೈಲಿಕ್ಕೆ ಅಂಗಡಿಯವ ಸಿಕ್ಕುದಿಲ್ಲ. ಹಳೇ ವರ್ಶನ್ ಹಾಕಿ ನೋಡಿ ಮಾರಾಯ್ರೆ," ಎಂದ. ಹಾಕಿದೆ. ಗುರುವಾರ ಬೆಳಿಗ್ಗೆ ಕಂಪ್ಯೂಟರ್ ಕಿವಿಗೊಟ್ಟಿತು.

ಮನೆಯಲ್ಲಿ ನಾವಾಡುವುದು ತುಳು. ಪುಸ್ತಕ ಕನ್ನಡದ್ದಾದ್ದರಿಂದ ಶಾಲಿನಿ ಒಲೆಯ ಮುಂದೆ ನಿಂತು, ಹುಳಿಖಾರದ ಮೀನುಸಾರಿನ ವಿಧಾನವನ್ನು ವಾರ್ತೆ ಓದುವವರ ಗಾಂಭೀರ್ಯದಲ್ಲಿ ಹೇಳಿದಳು: "ಬಂಗುಡೆ ಪುಳಿಮುಂಚಿ. ದೊಡ್ಡ ಬಂಗುಡೆ ಉಂಟಾದರೆ ಎರಡು ತುಂಡು ಮಾಡಿ, ಅರಶಿನ ಹಚ್ಚಿಡಿ." ಪರದೆಯ ಮೇಲೆ ಮೂಡಿತು: 'ಬಂಗಲೆ ಬಳಿ ಮುಂಚೆ. ದೊಡ್ಡ ಬಂಗಲೆ ಗಂಟಾದರೆ ಎರಡು ತುಂಡು ಮಾಡಿ, ಅರಶಿನ ಹಚ್ಚಿಡಿ.'

"ಬಂಗಲೆ ತುಂಡು ಮಾಡುವ ಕೆಲಸ ನನ್ನ ಮಾವಂದಿರು ಕೋರ್ಟಿಗೆ ಹೋಗಿ ಮಾಡಿ ಆಯ್ತು," ಎಂದಳು ಶಾಲಿನಿ. "ಇದು ಮೀನು!"

ಆ ಲೈಬ್ರರಿಗೆ ಕನ್ನಡ ಕಲಿಸಿದವರು ಘಟ್ಟದ ಮೇಲಿನವರಿರಬೇಕು; 'ಇದೆ' ಗೊತ್ತು, 'ಉಂಟು' ಗೊತ್ತಿಲ್ಲ. "ಉಂಟು ಅನ್ಬೇಡ, ಇದೆ ಅನ್ನು. ಬಂಗುಡೆಗೆ ಬರೀ ಮೀನು ಅನ್ನು," ಎಂದೆ. "ಕಾಣೆಗೂ ಮೀನು, ಅಂಜಲ್‌ಗೂ ಮೀನು ಅಂದ್ರೆ ಪುಸ್ತಕ ಎಂತಕ್ಕೆ?" ಎಂದಳು. ನಾನು ರೇಗಿ, ಲೈಬ್ರರಿಯ ಪುಟದಲ್ಲಿ ಒಂದು ಖಡಕ್ ದೂರು ಬರೆದೆ. ವಿನಯದ ಉತ್ತರ ಬಂತು: ನಿಮ್ಮ ಕಡೆಯ ಮಾತು ನಮ್ಮಲ್ಲಿ ಕಡಿಮೆ, ನೀವೇ ಓದಿ ರೆಕಾರ್ಡ್ ಮಾಡಿ ಕಳಿಸಿದರೆ ಎಲ್ಲರಿಗೂ ಉಪಕಾರ. ಹೋಟೆಲಿನಲ್ಲಿ ಸಾಂಬಾರು ಸಪ್ಪೆ ಎಂದವನ ಕೈಗೇ ಸೌಟು ಕೊಟ್ಟ ಹಾಗಾಯಿತು.

ಶುಕ್ರವಾರ ಶಾಲಿನಿಯ ಮುಖ ಬಾಡಿತ್ತು. "ಬಿಡಿ, ಮೀನಿಲ್ಲದೆಯೇ ಪುಸ್ತಕ ಬರ್ಲಿ," ಎಂದಳು. ಪ್ರೋಗ್ರಾಂ ಮುಚ್ಚಿ, ಖಾಲಿ ಪುಟ ತೆರೆದು, ಅಡುಗೆಮನೆಯಲ್ಲೇ ಸ್ಟೂಲು ಹಾಕಿ ಕುಳಿತೆ. ಅವಳು ಮೀನು ಹುರಿಯುತ್ತ ತುಳುವಿನಲ್ಲಿ ಹೇಳುತ್ತ ಹೋದಳು, ನಾನು ಒಗ್ಗರಣೆಗೆ ಸೀನುತ್ತ ಕನ್ನಡದಲ್ಲಿ ಟೈಪು ಮಾಡುತ್ತ ಹೋದೆ. ಸಂಜೆಯೊಳಗೆ ಅಧ್ಯಾಯ ಮುಗಿಯಿತು. ಓದಿ ನೋಡಿ ಅವಳು ನಕ್ಕಾಗ ನನಗೆ ಡಾಕ್ಟರೇಟ್ ಸಿಕ್ಕಷ್ಟು ಹಿಗ್ಗು.

ಶನಿವಾರ ಬೆಳಿಗ್ಗೆ ಮಂಡಲದ ಯಾರದೋ ಫೋನು. ಶಾಲಿನಿ ಉತ್ಸಾಹದಲ್ಲಿ ಹೇಳುತ್ತಿದ್ದಳು: "ಹೌದು, ನಮ್ಮಲ್ಲಿ ಉಂಟು. ತುಳುವಲ್ಲಿ ಹೇಳಿದ್ರೆ ಕನ್ನಡದಲ್ಲಿ ಬರೀತದೆ. ಛೆ, ದುಡ್ಡೆಲ್ಲ ಬೇಡ, ಯಾರು ಬೇಕಾದ್ರೂ ಬನ್ನಿ. ಮಧ್ಯದಲ್ಲಿ ಒಂದು ಚಾ ಕೊಡ್ಬೇಕಾಗ್ತದೆ, ಅಷ್ಟೇ." ಆ 'ಬರೀತದೆ' ಯಾರೆಂದು ನನಗೆ ಹೊಳೆಯುವಷ್ಟರಲ್ಲಿ ಪಲ್ಯದ ಅಧ್ಯಾಯದವರು ಗೇಟು ತೆರೆಯುತ್ತಿದ್ದರು.